ನೌಲು ಅಜ್ಜ ಕೇಳಿದ ಕ್ಷಮೆ

ಇನ್ನೂ ನಸುಕು. ಅಪಿಸಾಯಿ ನೌಲು ಸೀಮೆಎಣ್ಣೆ ಒಲೆಯ ಮೇಲೆ ಕತ್ತರಿ, ಇಕ್ಕಳ, ಸೂಜಿಗಳನ್ನು ಕುದಿಸುತ್ತಿದ್ದಾರೆ. ವಯಸ್ಸು ಎಪ್ಪತ್ತೊಂದು. ನಿವೃತ್ತರಾಗಿ ಹತ್ತು ವರ್ಷ ಕಳೆದರೂ ಫಿಜಿಯ ಈ ಹೊರದ್ವೀಪದ ಹೆರಿಗೆ ಮನೆಗೆ ಅವರು ಬಾರದ ದಿನವಿಲ್ಲ. ಒಳಗೆ ಚೊಚ್ಚಲ ಬಸುರಿಯೊಬ್ಬಳು ನರಳುತ್ತಿದ್ದಾಳೆ.

"ಸೂಜಿ ಕಣ್ಣಿಗೆ ಕಾಣತ್ತೋ, ಬರೀ ಅಂದಾಜೋ?" ಮೂವತ್ತು ವರ್ಷದಿಂದ ಜೊತೆಗಿರುವ ನರ್ಸ್ ಮಾಕೆರೆಟಾ ಕಾಲೆಳೆಯುತ್ತಾರೆ.

"ನಿನ್ನ ಬಾಯಿ ಕಾಣತ್ತಲ್ಲ, ಸಾಕು. ಅದನ್ನ ಹೊಲಿಯೋಕೇ ಒಂದು ಸೂಜಿ ಇಟ್ಕೊಂಡಿದೀನಿ."

ಏಳೂವರೆಗೆ ಹೂ ಎತ್ತಿದ ಹಾಗೆ ಹೆರಿಗೆಯಾಗುತ್ತದೆ. ಹೊಕ್ಕುಳಬಳ್ಳಿ ಉದುರಿದ ದಿನ ಅದರ ಜೊತೆ ನೆಡಲು ಬಾಣಂತಿಯ ತಾಯಿ ಆಗಲೇ ತೆಂಗಿನ ಸಸಿ ತಂದಿಟ್ಟಿದ್ದಾಳೆ. ನೌಲು ಕೈಯಲ್ಲಿ ಹುಟ್ಟಿದವರ ಮರಗಳೇ ಈ ದಂಡೆಯಲ್ಲಿ ಎರಡು ಸಾವಿರಕ್ಕೂ ಮಿಕ್ಕಿವೆ. ಕೈಗುಣ ಅಂದರೆ ಇದು.

ನೌಲು ಬ್ರಿಟಿಷರ ಕಾಲದಲ್ಲಿ ರಾಜಧಾನಿ ಸುವಾದಲ್ಲಿ ವೈದ್ಯ ಕಲಿತವರು. ಊರವರ ಬಾಯಲ್ಲಿ 'ವುನಿವಾಯಿ', ಅಂದರೆ ಡಾಕ್ಟರು. ಸರ್ಕಾರದ ಕಾಗದದಲ್ಲಿ ಮಾತ್ರ ಬರೀ ಸಹಾಯಕ. ಹೊಟ್ಟೆ ಕೊಯ್ಯಬೇಕಾದರೆ ಬಿಳಿಯ ಡಾಕ್ಟರ ದೋಣಿಗೆ ಕಾಯಬೇಕಿತ್ತು.

"ಆದ್ರೂ ಎಂಥಾ ದಿನಗಳು ಅವು. ಪೆಟ್ರೋಮ್ಯಾಕ್ಸ್ ಬೆಳಕು, ಕ್ಲೋರೋಫಾರಂ ವಾಸನೆ, ಹೊರಗೆ ಇಡೀ ಹಳ್ಳಿ ಕೂತು ಮೆಲ್ಲಗೆ ದೇವರ ಹಾಡು ಹೇಳೋದು. ಈಗ ಯಾರು ಹಾಡ್ತಾರೆ? ಒಂದ್ಸಲ ಮತ್ತೆ ಕೇಳ್ಬೇಕು ಅನ್ಸತ್ತೆ," ಎಂದು ನೌಲು ನೆನೆಯುತ್ತಾರೆ.

ಮೂವತ್ತೇಳು ವರ್ಷದ ಹಿಂದೆ ಬಿರುಗಾಳಿಗೆ ದೋಣಿ ಬರಲಿಲ್ಲ. ಎರಡು ದಿನ ನೋವು ತಿಂದವಳ ಹೊಟ್ಟೆಯನ್ನು ನೌಲು ತಾವೇ ಕೊಯ್ದರು. ತಾಯಿ, ಮಗು ಇಬ್ಬರೂ ಉಳಿದರು. ಕೇಳದೆ ಕೊಯ್ದದ್ದಕ್ಕೆ ಬಿಳಿಯ ಮೇಲಧಿಕಾರಿ ಕೆಂಡವಾದರು. ಇಲ್ಲಿಯ ಯಾರೇ ಆದರೂ ಮಾಡುವುದನ್ನೇ ನೌಲು ಮಾಡಿದರು: ತಿಮಿಂಗಿಲದ ಹಲ್ಲೊಂದನ್ನು ಎರಡೂ ಕೈಯಲ್ಲಿ ಹಿಡಿದು, ಮಂಡಿಯೂರಿ ಕ್ಷಮೆ ಕೇಳಿದರು.

"ದೊಡ್ಡೋರು ಸಿಟ್ಟಾದಾಗ ತಪ್ಪು ಯಾರದ್ದೇ ಇರ್ಲಿ, ನಾವು ತಲೆ ತಗ್ಗಿಸ್ತೀವಿ. ಹಲ್ಲು ತಗೊಂಡ್ರೆ ಸಿಟ್ಟು ಮುಗೀತು ಅಂತ ಲೆಕ್ಕ. ಅವ್ರು ತಗೊಂಡ್ರು. ನಾನು ನೆಮ್ಮದಿಯಾಗಿ ಮನೆಗೆ ಹೋದೆ."

ಆ ಮೇಲಧಿಕಾರಿ ಕಡತದಲ್ಲಿ ಬರೆದುಕೊಂಡದ್ದು ಬೇರೆ: 'ತಪ್ಪೊಪ್ಪಿಕೊಂಡಿದ್ದಾನೆ.' ಎಂಟು ವರ್ಷ ನೌಲು ಚಾಕು ಮುಟ್ಟುವಂತಿರಲಿಲ್ಲ. ಆ ಎಂಟು ವರ್ಷದಲ್ಲಿ ದೋಣಿಗೆ ಕಾಯುತ್ತ ಮೂವರು ಬಸುರಿ ಹೆಣ್ಣುಮಕ್ಕಳು ತೀರಿಕೊಂಡರು. ಲಿಟಿಯಾ, ವಸಿತಿ, ಅನಾಸೈನಿ.

ಕಡತದಿಂದ ಆ ಒಂದು ಮಾತು ಹೋಗಬೇಕೆಂದು ನೌಲು ಬರೆದ ಅರ್ಜಿಗಳು ಎಷ್ಟೋ. ಫಿಜಿಗೆ ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, ಇವತ್ತು, ಉತ್ತರ ಬಂದಿದೆ. ಆರೋಗ್ಯ ಕಚೇರಿಯ ತರುಣ ಅಧಿಕಾರಿ ಸಿಮಿಯೋನೆ ದೋಣಿಯಿಂದಿಳಿದು ನೇರ ಬಂದು ಚಾಪೆಯ ಮೇಲೆ ಮಂಡಿಯೂರುತ್ತಾನೆ. ಕೈಯಲ್ಲಿ ಕಾಗದ, ಜೊತೆಗೆ ತಿಮಿಂಗಿಲದ ಹಲ್ಲು.

"ಅಜ್ಜ, ಆ ಮಾತು ಹೊಡೆದು ಹಾಕಿದೀವಿ. ಕಚೇರಿ ಪರವಾಗಿ ಕ್ಷಮೆ ಕೇಳ್ತಿದೀನಿ."

ನೌಲು ಕಾಗದವನ್ನು ಎರಡು ಸಲ ಓದುತ್ತಾರೆ. ಕಣ್ಣೊರೆಸಿಕೊಳ್ಳುತ್ತಾರೆ. ಹಲ್ಲನ್ನು ಮಾತ್ರ ಮುಟ್ಟುವುದಿಲ್ಲ.

"ನನಗೆ ಕಾಗದ ಸಾಕಪ್ಪ. ಹಲ್ಲು ಆ ಹೆಣ್ಣುಮಕ್ಕಳ ಮನೆಗೆ ಹೋಗ್ಬೇಕು. ಮೂರು ಮನೆಗೆ ಒಂದು ಸಾಕಾಗಲ್ಲ, ಇನ್ನೆರಡು ತಾ. ನೀನು ಮುಂದೆ ಕೂತು ಕೊಡು, ನಾನು ಹಿಂದೆ ತಲೆ ತಗ್ಗಿಸಿ ಕೂರ್ತೀನಿ."

"ನೀವ್ಯಾಕೆ ಅಜ್ಜ? ನಿಮ್ದೇನು ತಪ್ಪು?"

"ಚಾಕು ನನ್ನ ಪೆಟ್ಟಿಗೇಲೇ ಇತ್ತು ಮಗ. ಮೂರು ಸಲಾನೂ ಹೆದರಿ ತೆಗೀಲಿಲ್ಲ."