ನಾಲ್ಕು ದಿನದ ಹೆಚ್ಚಿನ ಆಯುಸ್ಸು

ಹಣ್ಣಿನ ನೊಣಗಳಿಗೆ ಔಷಧಿ ತಿನ್ನಿಸಿ ಅವುಗಳ ಆಯುಸ್ಸು ಹೆಚ್ಚುತ್ತದೆಯೇ ಎಂದು ಪರೀಕ್ಷಿಸುವ ಶಾಸ್ತ್ರದಲ್ಲಿ ಮೂವತ್ತನಾಲ್ಕು ವರ್ಷ ದುಡಿದ, ಯಾವ ಔಷಧಿಯ ಹೊಗಳಿಕೆಗೂ ಸುಲಭವಾಗಿ ತಲೆದೂಗದ ಪ್ರಾಧ್ಯಾಪಕಿಯವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ವಿದ್ಯಾರ್ಥಿಗಳ ಬಾಯಲ್ಲಿ ಅವರು 'ನೊಣದಮ್ಮ'. ಅದು ಅವರಿಗೆ ತಿಳಿಯದೆಂದು ಎಲ್ಲರೂ ನಂಬಿದ್ದರು. ಯಾರದೋ ರಜಾಚೀಟಿಗೆ ಅವರೇ 'ನೊಣದಮ್ಮ' ಎಂದು ಸಹಿ ಹಾಕಿದ ದಿನ ಆ ನಂಬಿಕೆ ಬಿದ್ದುಹೋಯಿತು.

ಅವರು ಸೇರಿದಾಗ ಪ್ರಯೋಗಾಲಯವೆಂದರೆ ಮೆಟ್ಟಿಲಡಿಯ ಕೋಣೆ, ಒಂದು ಸೂಕ್ಷ್ಮದರ್ಶಕ, ಒಂದು ಒಲೆ. ಜೋಳದ ಹಿಟ್ಟು, ಸಕ್ಕರೆ ಕುದಿಸಿ ನೊಣಗಳ ಆಹಾರವನ್ನು ತಾವೇ ತಯಾರಿಸುತ್ತಿದ್ದರು.

ಹನ್ನೊಂದು ವರ್ಷದ ಹಿಂದೆ ಎಳೆಗೂಸಿನ ತಾಯಿಯೊಬ್ಬಳು ಅವರ ಶಿಷ್ಯೆಯಾಗಿ ಬಂದಳು. ಎರಡು ದಿನಕ್ಕೊಮ್ಮೆ ನೊಣಗಳನ್ನು ಹೊಸ ಸೀಸೆಗೆ ದಾಟಿಸಿ, ಸತ್ತವನ್ನು ಎಣಿಸುವುದು ಅವಳ ಕೆಲಸ. ಔಷಧಿ ತಿಂದವು ತಿನ್ನದವಕ್ಕಿಂತ ಒಂಬತ್ತು ದಿನ ಹೆಚ್ಚು ಬದುಕುವಂತೆ ಕಂಡಾಗ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವಳ ಪದವಿ ನಿಂತದ್ದು ಆ ಒಂದು ಫಲಿತಾಂಶದ ಮೇಲೆ. ಅವಧಿ ಮುಗಿಯಲು ಏಳೇ ತಿಂಗಳಿತ್ತು.

ಒಂದು ಬೆಳಿಗ್ಗೆ ಗುರುಗಳು ಪಕ್ಕದಲ್ಲಿ ಕುಳಿತು ಅವಳು ಎಣಿಸುವುದನ್ನೇ ನೋಡಿದರು.

"ಔಷಧಿ ತಿಂದವನ್ನ ಮೂರು ಸಲ ತಟ್ಟಿ, ಕಾಲಾಡಿಸುತ್ತಾ ಅಂತ ಕಾಯ್ತೀಯ. ಉಳಿದವನ್ನ ಒಂದೇ ಸಲ ತಟ್ಟಿ ಸತ್ತಿವೆ ಅಂತ ಬರೀತೀಯ. ಅವೇನು ಮಲಮಕ್ಕಳಾ?"

ಅವಳು ನಕ್ಕಳು; ಮರುಕ್ಷಣವೇ ಕೈಯಲ್ಲಿದ್ದ ಸೀಸೆಯನ್ನು ಕೆಳಗಿಟ್ಟಳು.

"ಮತ್ತೆ ಮೊದಲಿಂದಾನಾ?"

"ಮೊದಲಿಂದಾನೇ. ಈ ಸಲ ಚೀಟಿ ನಾನು ಅಂಟಿಸ್ತೀನಿ. ಯಾವುದು ಯಾವುದು ಅಂತ ನಿಂಗೆ ಗೊತ್ತಾಗೋದೇ ಬೇಡ."

ಸೀಸೆಗಳಿಗೆ ಬರೀ ಅಂಕಿಗಳ ಚೀಟಿ ಬಿತ್ತು. ಮೂರು ತಿಂಗಳು, ಎಣಿಕೆಯಿದ್ದ ದಿನಗಳಲ್ಲೆಲ್ಲ, ಗುರುಗಳು ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಹೊರಗಿನ ಮೊಗಸಾಲೆಯಲ್ಲಿ ತಿರುಗಾಡಿದರು. ಅಡ್ಡಾಡುತ್ತಲೇ ಬೇರೆ ವಿದ್ಯಾರ್ಥಿಗಳ ಪ್ರಬಂಧ ತಿದ್ದಿದರು. ಒಂದಿಬ್ಬರ ಹಾಳೆಯಲ್ಲಿ ಜೊಲ್ಲಿನ ಕಲೆಯೂ ಉಳಿದಿದೆ.

ಅಂಕಿಗಳ ಗುಟ್ಟು ಬಿಡಿಸಿದ ದಿನ ಶಿಷ್ಯೆ ಎರಡೆರಡು ಸಲ ಲೆಕ್ಕ ಹಾಕಿ ನೋಡಿದಳು. ಹೆಚ್ಚಿದ್ದು ನಾಲ್ಕು ದಿನ. ಬರೀ ನಾಲ್ಕೇ ಎಂದು ಮುಖ ಸಣ್ಣದು ಮಾಡಿಕೊಂಡಳು.

"ನಾಲ್ಕು ದಿನ ಅಂದ್ರೆ ಅವುಕ್ಕೆ ನಮ್ಮ ಐದು ವರ್ಷ ಕಣೇ," ಎಂದರು ಗುರುಗಳು. "ಇದು ನೀನು ಕೊಟ್ಟಿದ್ದಲ್ಲ, ಅವು ಬದುಕಿದ್ದು."

ಪದವಿ ಬಂತು. ಆಮೇಲೆ ಬೇರೆ ಎರಡು ಕಡೆ ಅದೇ ಔಷಧಿಯನ್ನು ಪರೀಕ್ಷಿಸಿದಾಗಲೂ ಸಿಕ್ಕಿದ್ದು ನಾಲ್ಕೇ ದಿನ. ಆ ಸುದ್ದಿ ಕೇಳಿ ಇಬ್ಬರೂ ಕೈ ಹಿಡಿದುಕೊಂಡು ಮಕ್ಕಳಂತೆ ನಕ್ಕರು.

ನಿವೃತ್ತಿಯ ಮರುದಿನವೇ ಹೊಸ ಔಷಧಿಯ ಪರೀಕ್ಷೆಗೆ ಬರುವುದಾಗಿ ಗುರುಗಳು ಹೇಳಿದ್ದಾರೆ. ಬರಲಿ, ಬರುತ್ತಲೇ ಇರಲಿ. ಅವರ ಆಯುಸ್ಸು ದೊಡ್ಡದಾಗಲಿ. ಅದನ್ನು ಎಣಿಸುವ ಕೆಲಸ ಮಾತ್ರ ಯಾರಿಗೂ ಬೇಡ.