ರುಚಿ ನೋಡದ ಶರಬತ್ತು

ನನ್ನ ಗಂಡನ ನಲವತ್ತನೆಯ ದಿನದ ಫಾತಿಹಾಕ್ಕೆ ಅತ್ತೆ ಪಾಳಾದಿಂದ ಬೆಳಗಿನ ಬಸ್ಸಿಗೇ ಬಂದರು. ದಾಂಡೇಲಿಯಲ್ಲಿ ಆಗಲೇ ಸೆಕೆ ಹತ್ತಿತ್ತು. ತೀರಿಕೊಂಡವರಿಗೆ ಇಷ್ಟವಾದದ್ದನ್ನು ಮುಂದಿಟ್ಟು ಫಾತಿಹಾ ಓದಿಸಿ, ಆಮೇಲೆ ಎಲ್ಲರಿಗೂ ಹಂಚುವುದು ನಮ್ಮಲ್ಲಿಯ ರೂಢಿ. ಬಿರಿಯಾನಿಯನ್ನು ಅಡುಗೆಯವರಿಗೆ ಒಪ್ಪಿಸಿಯಾಗಿತ್ತು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಚೀಲದಿಂದ ನಿಂಬೆಹಣ್ಣು, ಪುದೀನಾ ತೆಗೆದು ನನ್ನ ಮುಂದೆ ಇಟ್ಟರು. ಮಗನಿಗೆ ಶರಬತ್ತು ಇಷ್ಟ, ನೀನೇ ಮಾಡು ಎಂದರು.

ಅವನ್ನು ಮುಟ್ಟಲು ನನಗೆ ಕೈ ಬರಲಿಲ್ಲ.

ಕಿಡ್ನಿ ಕೆಟ್ಟು ಡಯಾಲಿಸಿಸ್ ಶುರುವಾದ ಮೇಲೆ ಡಾಕ್ಟರು ನನ್ನ ಗಂಡನಿಗೆ ನೀರನ್ನು ಅಳೆದು ಕೊಡಲು ಹೇಳಿದ್ದರು. ನಿಂಬೆ ಶರಬತ್ತು ಬೇಡವೇ ಬೇಡ. ಬೇಸಿಗೆಯಲ್ಲಿ ಮಿಲ್ಲಿನಿಂದ ಬಂದವರೇ ಚೊಂಬುಗಟ್ಟಲೆ ಕುಡಿಯುತ್ತಿದ್ದ ಮನುಷ್ಯ ಅವರು. ನಾನು ಮನೆಗೆ ನಿಂಬೆಹಣ್ಣು ತರುವುದನ್ನೇ ಬಿಟ್ಟೆ. ಹಿತ್ತಲಿನ ಡಬ್ಬಿಯಲ್ಲಿದ್ದ ಪುದೀನಾವನ್ನೂ ಕಿತ್ತು ಹಾಕಿದೆ. ಅದನ್ನು ನೋಡಿ ಅವರು ನಕ್ಕರು.

“ಡಾಕ್ಟರ್ ನೀರು ಕಡಿಮಿ ಮಾಡ್ಯಾನ. ನೀ ವಾಸನೀನೂ ಬಂದ್ ಮಾಡಿದ್ಯಲ್ಲ.”

ಆಗ ಒಮ್ಮೆ ಬಂದಿದ್ದ ಅತ್ತೆ, ಒಂದು ಗುಟುಕು ಕೊಡು, ಏನೂ ಆಗುವುದಿಲ್ಲ ಎಂದು ಬೇಡಿದ್ದರು. ನಾನು ಕೊಡಲಿಲ್ಲ. ಡಾಕ್ಟರು ಹೇಳಿದಂತೆ ನಡೆದೆ, ತಪ್ಪು ಮಾಡಿಲ್ಲ ಎಂದು ಈಗಲೂ ಗೊತ್ತು. ಆದರೆ ಹೋಗುವವರೇ ಆಗಿದ್ದರೆ ಒಂದು ಗುಟುಕು ಕೊಡಬಹುದಿತ್ತಲ್ಲ ಎಂಬುದು ನನ್ನನ್ನು ಬಿಡುವುದಿಲ್ಲ. ಈಗ ಓಣಿಯವರಿಗೆಲ್ಲ ಕೊಡಗಟ್ಟಲೆ ಹಂಚಬೇಕು.

ಆದರೂ ಮಾಡಿದೆ. ಪುದೀನಾ ಎಲೆ ಬಿಡಿಸಿ, ಸಕ್ಕರೆ ಹಾಕಿ ಕಲ್ಲಿನಲ್ಲಿ ಅರೆದೆ. ಸಕ್ಕರೆಯ ಜೊತೆ ಅರೆದರೆ ಎಲೆ ಬೇಗ ರಸ ಬಿಡುತ್ತದೆ. ನಿಂಬೆಹಣ್ಣನ್ನು ಅಂಗೈಯಲ್ಲಿ ಒತ್ತಿ ಉರುಳಿಸಿ, ಹೋಳು ಮಾಡಿ, ಸಿಪ್ಪೆಯ ಕಹಿ ಇಳಿಯದಂತೆ ಮೆಲ್ಲಗೆ ಹಿಂಡಿದೆ. ಮಡಕೆಯ ನೀರು ಬೆರೆಸಿ ಸೋಸಿ, ನೆನೆದು ಉಬ್ಬಿದ ಸಬ್ಜಾ ಬೀಜ ಹಾಕಿದೆ. ರುಚಿ ನೋಡಲಿಲ್ಲ. ಫಾತಿಹಾ ಓದುವ ಮೊದಲು ನಮ್ಮ ಮನೆಯಲ್ಲಿ ಯಾರೂ ರುಚಿ ನೋಡುವುದಿಲ್ಲ.

ಮಧ್ಯಾಹ್ನ ಫಾತಿಹಾ ಮುಗಿಯಿತು. ಬಂದವರು ಲೋಟಗಟ್ಟಲೆ ಕುಡಿದರು, ಒಬ್ಬರೂ ಏನೂ ಅನ್ನಲಿಲ್ಲ. ಅತ್ತೆ ಒಂದು ಗುಟುಕು ಕುಡಿದು ನನ್ನ ಕಡೆ ನೋಡಿದರು. ಅವರಿಗೆ ಉರ್ದುವಿಗಿಂತ ಕನ್ನಡವೇ ಸಲೀಸು.

“ಉಪ್ಪು ಹಾಕಿಲ್ಲ ನೀ.”

ನಾನು ಗಾಬರಿಯಾದೆ. ಶರಬತ್ತಿಗೆ ಚಿಟಿಕೆ ಉಪ್ಪು ಬೀಳದಿದ್ದರೆ ಅದು ಬರೀ ಸಿಹಿ ನೀರು. ಗಂಡನ ಕಾಯಿಲೆಯಲ್ಲಿ ಉಪ್ಪಿಲ್ಲದ ಅಡುಗೆ ಮಾಡಿ ಮಾಡಿ ಕೈಗೆ ಅದೇ ರೂಢಿಯಾಗಿತ್ತು. ಉಪ್ಪಿನ ಡಬ್ಬಿ ತರಲು ಎದ್ದೆ. ಅತ್ತೆ ಕೈ ಹಿಡಿದು ಕೂರಿಸಿದರು.

“ಇರ್ಲಿ ಬಿಡು ಬೇಟಿ. ಅವಂಗ ಮಾಡಿದಂಗ ಮಾಡೀದಿ.”

ಬಯ್ದರೋ, ಸಮಾಧಾನ ಹೇಳಿದರೋ ತಿಳಿಯಲಿಲ್ಲ. ಅವರು ತಮ್ಮ ಲೋಟ ಪೂರ್ತಿ ಕುಡಿದು, ಅದನ್ನೇ ಮತ್ತೆ ತುಂಬಿ ನನ್ನ ಕೈಗೆ ಕೊಟ್ಟರು. ಬೆಳಗಿನಿಂದ ನಾನು ಹನಿ ನೀರು ಕುಡಿದಿರಲಿಲ್ಲ, ಗಂಟಲು ಒಣಗಿತ್ತು. ಗಟಗಟ ಕುಡಿದೆ. ತಣ್ಣಗಿತ್ತು. ಉಪ್ಪಿಲ್ಲದೆಯೂ ಚೆನ್ನಾಗಿತ್ತು. ಚೆನ್ನಾಗಿದೆ ಅನಿಸಿತಲ್ಲ ಎಂದು ನಾಚಿಕೆಯಾಯಿತು. ಆದರೂ ತಳದ ಬೀಜಗಳನ್ನೂ ಬಿಡಲಿಲ್ಲ.