ಗುಬ್ಬಿ ಕಥೆಗೊಂದು ಹೂಂ

“ಅಮ್ಮಾ, ಮಸ್ತಾನಬಿ ನಾನಿ ಮನಿಯಾಗ ಕಥಿ ಹೇಳಿದ್ರ ಯಾರು ಹೂಂ ಅಂತಾರ?”

ನಾಲ್ಕು ವರ್ಷದ ಗೋದಾಳ ಪ್ರಶ್ನೆ ಕೇಳಿ ತುಂಗಾ ಕೈಯಲ್ಲಿದ್ದ ಕೆಲಸ ಬಿಟ್ಟು ಮಗಳತ್ತ ತಿರುಗಿದಳು. ಮಕ್ಕಳೆಲ್ಲ ನಾನಿ, ಅಂದರೆ ಅಜ್ಜಿ, ಎನ್ನುವ ಮಸ್ತಾನಬಿ ಐವಾನ್-ಎ-ಶಾಹಿ ಬಡಾವಣೆಯ ಬಾಲವಾಡಿಯ ಆಯಾ, ದಿನಾ ಕಮಲಾಪುರದಿಂದ ಬಸ್ಸಿಗೆ ಬರುತ್ತಾಳೆ ಎಂಬುದಷ್ಟೇ ತುಂಗಾಳಿಗೆ ಗೊತ್ತು.

ಹೋದ ವರ್ಷ, ಅಂದರೆ ತೊಂಬತ್ಮೂರರಲ್ಲಿ, ಇದೇ ಗೋದಾ ಬೆರಳು ತೋರಿಸುತ್ತಿದ್ದಳೇ ಹೊರತು ಬಾಯಿ ಬಿಡುತ್ತಿರಲಿಲ್ಲ. ಅತ್ತೆ ಜಾನಕೀಬಾಯಿ ಮಾತು ಬರಲೆಂದು ಬಜೆ ತೇಯ್ದು ನಾಲಿಗೆಗೆ ಹಚ್ಚಿದರು. ತುಂಗಾ ಮಗಳ ಮಾತುಗಳನ್ನು ಡೈರಿಯಲ್ಲಿ ಬರೆದಿಡುತ್ತಿದ್ದಳು. ಆರು ತಿಂಗಳಾದರೂ ಒಂದು ಪುಟ ತುಂಬಲಿಲ್ಲ.

ಮಸ್ತಾನಬಿ ಮಾತ್ರ ಅವಸರ ಮಾಡಲಿಲ್ಲ. ಗುಬ್ಬಿಯ ಕಥೆ ಹೇಳುವಾಗ ಎಲ್ಲ ಮಕ್ಕಳೂ ಹೂಂ ಅನ್ನುವವರೆಗೆ ಗುಬ್ಬಿಯನ್ನು ಕೊಂಬೆಯ ಮೇಲೇ ಕೂರಿಸಿಡುತ್ತಿದ್ದಳು. ಒಂದು ದಿನ ಗೋದಾಳ ಹೂಂ ಕೂಡ ಬಂತು. ಅಂದಿನಿಂದ ಮಸ್ತಾನಬಿ ಬೇಕೆಂದೇ ಕಥೆಯನ್ನು ತಪ್ಪಾಗಿ ಹೇಳತೊಡಗಿದಳು.

“ಆಮ್ಯಾಲ, ಗಿಡದ ಮ್ಯಾಲ ಆನಿ ಗೂಡು ಕಟ್ತು.”

“ಆನಿ ಅಲ್ಲ! ಗುಬ್ಬಿ!” ಗೋದಾ ಜಗಳಕ್ಕೇ ನಿಂತಳು.

ಆ ಸಂಜೆ ತುಂಗಾ ಡೈರಿ ತೆರೆದು ಕೂತರೆ, ಕಣ್ಣು ಮಂಜಾಗಿ ಗೆರೆಗಳೇ ಕಾಣಲಿಲ್ಲ.

ಯಾರು ಹೂಂ ಅಂತಾರೆಂದು ಮಗಳು ಕೇಳಿದ ಮರುದಿನ, ತುಂಗಾ ಅದನ್ನು ಮಸ್ತಾನಬಿಗೆ ಹೇಳಿದಳು. ನಗುತ್ತಾಳೆ ಅಂದುಕೊಂಡಿದ್ದಳು. ಆಕೆ ಚೀಲದಿಂದ ಒಂದು ಕ್ಯಾಸೆಟ್ ತೆಗೆದಳು.

“ನನ್ನ ಮಗಳು ಕುಲ್ಸುಮ್ ದೂರ ಅರಬ್ ದೇಶದಾಗ, ಜಿದ್ದಾದಾಗ ಇದ್ದಾಳಲ್ರಿ, ಆಕಿ ಮಗಳಿಗಿ ಮೂರು ದಾಟ್ಯಾವ. ಇನ್ನ ಮಾತೇ ಆಡವಲ್ಲಳಂತ. ನಾ ಆಕಿನ್ನ ಫೋಟೋದಾಗಷ್ಟೇ ನೋಡೀನಿ. ಇಲ್ಲಿ ಎಲ್ಲಾರ ಮಕ್ಕಳೂ ನನಗ ನಾನಿ ಅಂತಾವ...” ಕ್ಯಾಸೆಟ್ಟನ್ನು ಸೆರಗಿನಿಂದ ಒರೆಸಿದಳು. “ಇದರಾಗ ಕಥಿ ತುಂಬಿ ಆ ಕೂಸಿಗಿ ಕಳಸ್ಬೇಕಂತ ಟೇಪಿನ ಮುಂದ ಕುಂತೆ. ಗುಬ್ಬಿ ಕೊಂಬಿ ಮ್ಯಾಲ ಕುಂತದ್ದು ಕುಂತೇ ಬಿಡ್ತು. ಆ ಡಬ್ಬಿ ಹೂಂ ಅಂದ್ರಲ್ಲ ಅದು ಹಾರೋದು! ನಿಮ್ಮ ಗೋದಾ ಬಂದು ಟೇಪಿನ ಮುಂದ ಹೂಂ ಅಂದ್ರ ಕಥಿ ಮುಂದ ಹೋಗ್ತದ.”

“ನೀವು ಮೊಮ್ಮಗಳಿಗೆ ಉರ್ದುದಾಗ ಹೇಳ್ತೀರಿ. ನಮ್ಮ ಗೋದಾಗ ತಿಳೀತದೇನು ನಾನಿ?”

“ಹೂಂ ಅನ್ನಾಕ ಯಾವ ಭಾಷಾ ಬೇಕ್ರಿ?”

ಗೋದಾಳ ಸಡಿಲಾದ ರಿಬ್ಬನ್ನನ್ನು ಬಿಗಿದು ಕಟ್ಟುತ್ತ, ಆಕೆ ತಲೆ ಎತ್ತದೆಯೇ ಕೇಳಿದಳು: “ಐತ್ವಾರ ಬಾಲವಾಡಿ ಇರಂಗಿಲ್ಲ, ಕೂಸಿನ್ನ ಕರ್ಕೊಂಡು ಕಮಲಾಪುರಕ್ಕ ಬರ್ರಿ ತುಂಗಾಬಾಯಿ, ಕೆಂಪು ಬಾಳಿಹಣ್ಣು ಕೊಡ್ತೀನಿ. ಮೊದಲ ನಾಕು ಸಲ ಗೋದಾ ಹೂಂ ಅನ್ನಲಿ. ಐದನೇದಕ್ಕ ಮಾತ್ರ ಆಕಿ ತುಟಿ ಮ್ಯಾಲ ನಿಮ್ಮ ಕೈ ಇಡ್ರಿ. ಆ ಜಾಗ ಜಿದ್ದಾದಾಗಿನ ನನ್ನ ಕೂಸಿನ ಹೂಂಗ ಖಾಲಿ ಬಿಡೂಣು.”